ಎಲ್ಫರ ಆಯುಸ್ಸೂ ಮನುಷ್ಯರ ಪ್ರಾಪ್ತವಯಸ್ಸೂ

ಮನುಷ್ಯನು ಯಾವಾಗ ದೊಡ್ಡವನಾಗುತ್ತಾನೆ? ಮೇಲ್ನೋಟಕ್ಕೆ ಸುಲಭವೆನಿಸುವ ಈ ಪ್ರಶ್ನೆಗೆ ದೇಹ, ಬುದ್ಧಿ, ಕಾನೂನು ಎಂಬ ಮೂರು ಸಾಕ್ಷಿಗಳು ಮೂರು ಬಗೆಯಾಗಿ ಉತ್ತರ ಕೊಡುತ್ತವೆ. ಈ ಭೇದವನ್ನು ಅರಿಯಲು ಒಂದು ಕಲ್ಪಿತ ಜನಾಂಗದ ಆಯುಸ್ಸಿನ ಲೆಕ್ಕವು ನಮಗೆ ನೆರವಾಗುತ್ತದೆ.

ಆಕ್ಸ್‌ಫರ್ಡಿನ ಪ್ರಾಧ್ಯಾಪಕರಾಗಿದ್ದ ಜೆ. ಆರ್. ಆರ್. ಟೋಲ್ಕಿನ್ (1892–1973) ಅವರ ಕಥೆಗಳಲ್ಲಿ ಎಲ್ಫರೆಂಬ ಜನರು ಬರುತ್ತಾರೆ. ನಮ್ಮ ಯಕ್ಷಗಂಧರ್ವರಂತೆ ಚೆಲುವರು, ಮುಪ್ಪಿನಿಂದ ಸಾಯುವವರಲ್ಲ. ಇವರ ಬಾಲ್ಯವನ್ನು ಕುರಿತು ಟೋಲ್ಕಿನ್ನರು ಬರೆದಿಟ್ಟ ಪ್ರಬಂಧವು ಅವರ ಮಗ ಕ್ರಿಸ್ಟಫರರ ಸಂಪಾದನೆಯಲ್ಲಿ 1993ರಲ್ಲಿ ಅಚ್ಚಾಯಿತು. ಅದರಂತೆ ಎಲ್ಫ್ ಶಿಶುವು ವರ್ಷ ತುಂಬುವ ಮೊದಲೇ ಮಾತು ಕಲಿಯುತ್ತದೆ. ಆದರೆ ಮೂರನೆಯ ವರ್ಷದ ಕೊನೆಯಿಂದ ಮನುಷ್ಯರ ಮಗುವು ಬೆಳವಣಿಗೆಯಲ್ಲಿ ಅದನ್ನು ಹಿಂದೆ ಹಾಕುತ್ತದೆ. ಮನುಷ್ಯನ ಮಗನು ಪೂರ್ಣ ಎತ್ತರಕ್ಕೆ ಬೆಳೆದಾಗ ಅದೇ ವಯಸ್ಸಿನ ಎಲ್ಫನು ಇನ್ನೂ ಏಳು ವರ್ಷದ ಬಾಲಕನಂತೆ ಕಾಣುತ್ತಾನೆ. ಅವನಿಗೆ ಪೂರ್ಣ ಆಕಾರ ಬರುವುದು 50ನೆಯ ವರ್ಷಕ್ಕೆ. ಕೆಲವರಿಗೆ 100 ವರ್ಷವೂ ಬೇಕು. ವಿವಾಹವು ಸಾಮಾನ್ಯವಾಗಿ 50 ದಾಟಿದ ತರುವಾಯ.

ಎಲ್ಫರ 50 ನಮ್ಮ 20ಕ್ಕೆ ಸಮವೆಂದು ಹಿಡಿದು ತ್ರೈರಾಶಿ ಹಾಕಿ ನೋಡೋಣ. ಹದಿನೆಂಟರ ಎಲ್ಫನು ನಮ್ಮ ಏಳು ವರ್ಷದವನಿಗೆ ಸಮನಾದನು. ದೇಹದ ಮಟ್ಟಿಗೆ ಲೆಕ್ಕ ಸರಿ. ಆದರೆ ಒಂದು ವರ್ಷದ ಎಲ್ಫ್ ಶಿಶುವು ಐದು ತಿಂಗಳೂ ತುಂಬದ ಕೂಸಾಗಬೇಕು, ಅದಾಗಲೇ ಮಾತನಾಡುತ್ತಿದೆ! 2,700 ವರ್ಷ ದಾಟಿದ ಆರ್ವೆನ್ ಸಾವಿರ ವರ್ಷದ ಮುದುಕಿಯಾಗಬೇಕು, ಆಕೆಯೋ ತರುಣಿ. ಆದುದರಿಂದ ಒಂದೇ ಗುಣಕದಿಂದ ಇಡೀ ಬಾಳನ್ನು ಅಳೆಯಲಾಗದು. ಅದೇ ಕಥಾಲೋಕದ ಹಾಬಿಟ್ಟರೆಂಬ ಕುಳ್ಳರಾದರೋ 33ಕ್ಕೆ ಪ್ರಾಪ್ತವಯಸ್ಕರು. ಅದು ಅವರ ಸಮಾಜದ ಕಟ್ಟಳೆ.

ಇಂಗ್ಲೆಂಡಿನ ನಿಜವಾದ ಇತಿಹಾಸವೂ ಹೀಗೆಯೇ ಇದೆ. 12ನೆಯ ಶತಮಾನದ ಕೊನೆಯಲ್ಲಿ ರಚಿತವಾಗಿ ಗ್ಲಾನ್‌ವಿಲ್ಲನ ಹೆಸರಿನಲ್ಲಿ ಪ್ರಸಿದ್ಧವಾದ ನ್ಯಾಯಗ್ರಂಥದಲ್ಲಿ ಮೂರು ಅಳತೆಗಳಿವೆ. ಯೋಧಸೇವೆಯ ಹಂಗಿನ ಜಮೀನುಳ್ಳವನ ಮಗನು 21ಕ್ಕೆ ಪ್ರಾಪ್ತವಯಸ್ಕನು. ಆ ಹಂಗಿಲ್ಲದ ಸಾಮಾನ್ಯ ಹಿಡುವಳಿದಾರನ ಮಗನು 15ಕ್ಕೆ. ಪಟ್ಟಣದ ವರ್ತಕನ ಮಗನಿಗೆ ವರ್ಷದ ನಿಯಮವೇ ಇಲ್ಲ. ಹಣ ಎಣಿಸಲು, ಬಟ್ಟೆ ಅಳೆಯಲು ಬಂದರೆ ಅವನು ದೊಡ್ಡವನು. ಮುಂದೆ ಯೋಧನ 21 ಎಲ್ಲರಿಗೂ ಅನ್ವಯವಾಯಿತು.

ಈ ಅಂಕೆಯ ಬಿಸಿ ಟೋಲ್ಕಿನ್ನರಿಗೂ ತಟ್ಟಿತ್ತು. ತಂದೆತಾಯಿಗಳಿಲ್ಲದ ಅವರನ್ನು ಸಾಕಿದ ಪಾದ್ರಿ ಫ್ರಾನ್ಸಿಸ್ ಮಾರ್ಗನ್, 21 ತುಂಬುವವರೆಗೆ ಎಡಿತ್ ಬ್ರಾಟ್ ಎಂಬ ಕನ್ಯೆಯೊಡನೆ ಸಂಪರ್ಕ ಕೂಡದೆಂದು ವಿಧಿಸಿದ್ದರು. ತರುಣನು ಆ ಮಾತಿಗೆ ಬದ್ಧನಾಗಿ, 1913ರ ಜನವರಿ 3ರಂದು 21 ತುಂಬಿದೊಡನೆ ಆಕೆಗೆ ಪತ್ರ ಬರೆದನು; 1916ರಲ್ಲಿ ವಿವಾಹವಾಯಿತು. ಅದೇ ಇಂಗ್ಲೆಂಡಿನಲ್ಲಿ 1970ರಿಂದ ಪ್ರಾಪ್ತವಯಸ್ಸು 18ಕ್ಕೆ ಇಳಿಯಿತು. ಅಷ್ಟರಲ್ಲಿ ಮನುಷ್ಯನ ಮೈ ಬದಲಾಗಿರಲಿಲ್ಲ. ಸಮಾಜದ ಮನಸ್ಸು ಬದಲಾಗಿತ್ತು.

ನಮ್ಮ ದೇಶದಲ್ಲಿ 1875ರ ಶಾಸನವು ಪ್ರಾಪ್ತವಯಸ್ಸನ್ನು ಸಾಮಾನ್ಯವಾಗಿ 18 ಎಂದು ಗೊತ್ತುಮಾಡಿತು. ಮತದಾನಕ್ಕೆ ಮಾತ್ರ ಸಂವಿಧಾನವು 21 ಎಂದಿತ್ತು. 1989ರಲ್ಲಿ 61ನೆಯ ತಿದ್ದುಪಡಿಯಿಂದ ಅದೂ 18 ಆಯಿತು. ಆದರೂ ಗಂಡಿನ ವಿವಾಹಕ್ಕೆ 21, ಲೋಕಸಭೆಗೆ ಸ್ಪರ್ಧಿಸಲು 25 ತುಂಬಬೇಕು. ಒಬ್ಬನೇ ತರುಣನು ಒಂದು ಬಾಗಿಲಲ್ಲಿ ದೊಡ್ಡವನು, ಇನ್ನೊಂದರಲ್ಲಿ ಚಿಕ್ಕವನು.

ಉಪಾಧ್ಯಾಯರಾದ ನಾವು ಇದನ್ನು ಮರೆಯಬಾರದು. ದಾಖಲಾತಿ ಪುಸ್ತಕದಲ್ಲಿ ನಾವು ಬರೆಯುವ ಜನ್ಮದಿನಾಂಕವು ಮಗುವನ್ನು ಬಾಳಿನುದ್ದಕ್ಕೂ ಹಿಂಬಾಲಿಸುತ್ತದೆ. ಅದನ್ನು ಅಂದಾಜಿನಿಂದ ತುಂಬುವುದು ಅನ್ಯಾಯ. ಆದರೆ ಕಾನೂನಿಗೆ ಬೇಕಾದ ಆ ಅಂಕೆಯು ಮಗುವಿನ ಬುದ್ಧಿಯ ಅಳತೆಯಲ್ಲ. ಎತ್ತರದ ಹುಡುಗನಿಂದ ವಯಸ್ಸಿಗೆ ಮೀರಿದ ವಿವೇಕವನ್ನು ಬಯಸಿ ದಂಡಿಸುವುದೂ, ಅಂಗಡಿಯ ಲೆಕ್ಕವನ್ನು ಬಾಯಲ್ಲೇ ಹೇಳುವ ಕುಳ್ಳ ಬಾಲಕನನ್ನು ಕೂಸೆಂದು ಕಡೆಗಣಿಸುವುದೂ ಒಂದೇ ಬಗೆಯ ತಪ್ಪು. ಮೈಯನ್ನೂ ಬುದ್ಧಿಯನ್ನೂ ಬೇರೆಬೇರೆಯಾಗಿ ನೋಡಬಲ್ಲವನೇ ಮಕ್ಕಳಿಗೆ ನ್ಯಾಯ ಸಲ್ಲಿಸಬಲ್ಲನು.