ನಿಷೇಧ, ಪರವಾನಗಿ ಮತ್ತು ಆರಾಧನೆ: 17ನೆಯ ಶತಮಾನದ ಇಂಗ್ಲೆಂಡಿನ ಬ್ಯಾಪ್ಟಿಸ್ಟ್ ಸಭೆಗಳು

ತಿಳಿವಳಿಕೆ ಬಂದ ಮೇಲೆ ಸ್ವಂತ ನಂಬಿಕೆಯಿಂದ ಪಡೆದ ದೀಕ್ಷಾಸ್ನಾನವಷ್ಟೇ ಸಿಂಧುವೆಂದು ಸಾರಿದ ಬ್ಯಾಪ್ಟಿಸ್ಟರ ನಿಲುವು ಮೇಲ್ನೋಟಕ್ಕೆ ಒಂದು ಸಂಸ್ಕಾರದ ಕುರಿತ ತಕರಾರಿನಂತೆ ತೋರಿದರೂ, ಅದರ ಏಟು ಬಿದ್ದದ್ದು ರಾಜ್ಯಾಧಿಕಾರದ ಬುಡಕ್ಕೆ. ಹುಟ್ಟಿದ ಪ್ರತಿ ಶಿಶುವೂ ಚರ್ಚಿನ ಸದಸ್ಯನಾಗುವ ವ್ಯವಸ್ಥೆಯಲ್ಲಿ ಪ್ರಜೆಗಳ ಪಟ್ಟಿಯೂ ಭಕ್ತರ ಪಟ್ಟಿಯೂ ಒಂದೇ ಆಗಿರುತ್ತವೆ. ಶಿಶುದೀಕ್ಷಾಸ್ನಾನವನ್ನು ಒಲ್ಲೆನೆಂದವರು ಆ ಎರಡು ಪಟ್ಟಿಗಳನ್ನು ಬೇರ್ಪಡಿಸಿದರು. 1612ರಲ್ಲಿ ಲಂಡನ್ನಿನ ಹೊರವಲಯದ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಸಭೆ ಕಟ್ಟಿದ ಥಾಮಸ್ ಹೆಲ್ವಿಸ್, ದೊರೆಯೂ ಮರ್ತ್ಯನೇ ಆದ್ದರಿಂದ ಪ್ರಜೆಗಳ ಅಮರ ಆತ್ಮಗಳ ಮೇಲೆ ಅವನಿಗೆ ಅಧಿಕಾರವಿಲ್ಲವೆಂಬ ಆಶಯವನ್ನು ತನ್ನ ಪುಸ್ತಕದ ಒಂದು ಪ್ರತಿಯಲ್ಲಿ ಕೈಯಾರೆ ಬರೆದು ಒಂದನೆಯ ಜೇಮ್ಸ್‌ನನ್ನು ಉದ್ದೇಶಿಸಿದನು. ಇದೇ ಹೆಲ್ವಿಸ್ ಲೌಕಿಕ ವಿಷಯಗಳಲ್ಲಿ ದೊರೆಗೆ ಸಂಪೂರ್ಣ ವಿಧೇಯತೆ ಸಲ್ಲಬೇಕೆಂದೂ ಒತ್ತಿ ಹೇಳಿದ್ದನೆಂಬುದನ್ನು ಮರೆಯುವಂತಿಲ್ಲ.

ಅಧಿಕಾರಿಗಳಿಗೆ ಅಧೀನರಾಗಿರಬೇಕೆನ್ನುವ ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯವನ್ನೂ, ಮನುಷ್ಯರಿಗಿಂತ ದೇವರಿಗೆ ವಿಧೇಯತೆ ಮೊದಲೆನ್ನುವ ಅಪೊಸ್ತಲರ ಕೃತ್ಯಗಳ 5ನೆಯ ಅಧ್ಯಾಯವನ್ನೂ ಒಟ್ಟಿಗೆ ಪಾಲಿಸುವ ದಾರಿಯನ್ನು ಜಾನ್ ಬನ್ಯನ್ ಸೆರೆಮನೆಯಲ್ಲಿ ಸ್ಪಷ್ಟಪಡಿಸಿದನು. ಕನ್ನಡ ಓದುಗರಿಗೆ ‘ಯಾತ್ರಿಕನ ಸಂಚಾರ’ದ ಮೂಲಕ 19ನೆಯ ಶತಮಾನದಲ್ಲೇ ಪರಿಚಿತನಾದ ಈ ಬೋಧಕನು 1660ರಲ್ಲಿ ಬಂಧಿತನಾಗಿ ಸುಮಾರು 12 ವರ್ಷ ಬೆಡ್‌ಫರ್ಡ್‌ನಲ್ಲಿ ಸೆರೆಯಲ್ಲಿದ್ದನು, ಇನ್ನು ಬೋಧಿಸುವುದಿಲ್ಲವೆಂದು ಒಪ್ಪಿಕೊಂಡಿದ್ದರೆ ಬಿಡುಗಡೆ ಸಾಧ್ಯವಿತ್ತು. ಮನವೊಲಿಸಲು ಬಂದ ನ್ಯಾಯಾಲಯದ ಗುಮಾಸ್ತ ಪಾಲ್ ಕಾಬ್‌ನಿಗೆ ಅವನು ಕೊಟ್ಟ ಉತ್ತರದ ತಿರುಳು ಇಷ್ಟು: ಮನಸ್ಸಾಕ್ಷಿ ಒಪ್ಪಿದ್ದನ್ನು ಮಾಡುವುದು ಒಂದು ಬಗೆಯ ವಿಧೇಯತೆ, ಒಪ್ಪದಿರುವಲ್ಲಿ ವಿಧಿಸಿದ ಶಿಕ್ಷೆಯನ್ನು ತಲೆಬಾಗಿ ಅನುಭವಿಸುವುದು ಇನ್ನೊಂದು ಬಗೆಯದು. ಕಾನೂನನ್ನು ಮುರಿದೂ ಕಾನೂನಿಗೆ ತಲೆಬಾಗುವ ಈ ವಾದವನ್ನು ಬರಿಯ ಜಾಣ್ಮೆಯ ಮಾತೆಂದು ತಳ್ಳಿಹಾಕಲಾಗದು, ಏಕೆಂದರೆ ಅದರ ಬೆಲೆಯನ್ನು ಹೇಳಿದವನೇ ತೆತ್ತನು.

ಆದರೆ ಎಲ್ಲ ಸಭೆಗಳೂ ಶಿಕ್ಷೆಗೆ ತಾವಾಗಿ ಕೊರಳೊಡ್ಡಲಿಲ್ಲ. 1670ರ ಕೂಟನಿಷೇಧ ಕಾಯಿದೆಯು ಮನೆಯವರಲ್ಲದೆ ಐದು ಮಂದಿ ಅಥವಾ ಹೆಚ್ಚು ಜನ ಸೇರಿ ನಡೆಸುವ ಖಾಸಗಿ ಆರಾಧನೆಯನ್ನು ಅಪರಾಧವೆಂದು ಗಣಿಸಿ, ಕೇಳಲು ಬಂದವರಿಗೆ ಮೊದಲ ಸಲ 5 ಷಿಲಿಂಗ್, ಬೋಧಕನಿಗೆ 20 ಪೌಂಡ್ ದಂಡ ವಿಧಿಸಿತು. ದಂಡದ ಮೂರನೆಯ ಒಂದು ಪಾಲು ಸುಳಿವು ಕೊಟ್ಟವರ ಕಡೆಗೆ ಹೋಗುತ್ತಿದ್ದುದರಿಂದ ಗೂಢಚಾರಿಕೆಯೇ ಒಂದು ಕಸುಬಾಯಿತು. ಬ್ರಿಸ್ಟಲ್‌ನ ಬ್ರಾಡ್‌ಮೀಡ್ ಸಭೆಯ ದಾಖಲೆಗಳು ಇದಕ್ಕೆ ಹೂಡಿದ ಪ್ರತಿತಂತ್ರವನ್ನು ವಿವರವಾಗಿ ತಿಳಿಸುತ್ತವೆ. ಬೋಧಕನು ಕೆಲವರೊಂದಿಗೆ ಪರದೆಯ ಹಿಂದೆ ನಿಲ್ಲುತ್ತಿದ್ದನು. ಮೆಟ್ಟಿಲುಗಳ ಮೇಲೆ ಹೆಂಗಸರು ಒತ್ತಾಗಿ ಕುಳಿತು ಅಧಿಕಾರಿಗಳು ಹತ್ತಿಬರುವುದನ್ನು ತಡಮಾಡುತ್ತಿದ್ದರು. ಸೂಚನೆ ಸಿಕ್ಕಿದೊಡನೆ ಬೋಧನೆ ನಿಂತು ಕೀರ್ತನೆ ಮೊದಲಾಗುತ್ತಿತ್ತು. ಒಳಬಂದವರ ಕಣ್ಣಿಗೆ ಬೀಳುತ್ತಿದ್ದುದು ಹಾಡುವ ಜನರೇ ಹೊರತು 20 ಪೌಂಡ್ ದಂಡಕ್ಕೆ ಅರ್ಹನಾದ ಬೋಧಕನಲ್ಲ. ಬನ್ಯನ್‌ನ ಸೂತ್ರವನ್ನು ಅಕ್ಷರಶಃ ಹಿಡಿದರೆ ಈ ಪರದೆಗೆ ಸಮರ್ಥನೆ ದೊರೆಯುವುದು ಕಷ್ಟ.

ನಿಷೇಧಕ್ಕಿಂತ ಅನುಮತಿಯೇ ಹೆಚ್ಚು ತೊಡಕಿನದಾಯಿತು. ಎರಡನೆಯ ಚಾರ್ಲ್ಸ್ 1672ರ ಮಾರ್ಚ್‌ನಲ್ಲಿ ಹೊರಡಿಸಿದ ಘೋಷಣೆಯಂತೆ ಬೋಧಕನೂ ಸ್ಥಳವೂ ಪರವಾನಗಿ ಪಡೆದರೆ ಆರಾಧನೆಗೆ ಅಡ್ಡಿಯಿರಲಿಲ್ಲ. ಪರವಾನಗಿ ಕೇಳುವುದೆಂದರೆ ಕೊಡುವವನಿಗೆ ನಿರಾಕರಿಸುವ ಹಕ್ಕೂ ಇದೆಯೆಂದು ಒಪ್ಪಿದಂತೆ. ಹೆಲ್ವಿಸ್ ಅಲ್ಲಗಳೆದದ್ದು ಆ ಹಕ್ಕನ್ನೇ. ಆದರೂ ಹಲವು ಸಭೆಗಳು ಅರ್ಜಿ ಹಾಕಿದವು, ಬನ್ಯನ್‌ನೂ ಪರವಾನಗಿ ಪಡೆದನು, ಬೆಡ್‌ಫರ್ಡ್‌ನ ಒಂದು ಕಣಜದ ಕೊಟ್ಟಿಗೆ ಅಧಿಕೃತ ಆರಾಧನಾಸ್ಥಳವಾಯಿತು. ಮರುವರ್ಷವೇ ಪಾರ್ಲಿಮೆಂಟಿನ ಒತ್ತಡಕ್ಕೆ ಮಣಿದು ದೊರೆ ಘೋಷಣೆಯನ್ನು ಹಿಂತೆಗೆದುಕೊಂಡಾಗ, ಕೃಪೆಯಾಗಿ ಬಂದ ಸ್ವಾತಂತ್ರ್ಯ ಕೃಪೆಯೊಡನೆಯೇ ಹೋಯಿತು.

1689ರ ಸಹಿಷ್ಣುತಾ ಕಾಯಿದೆ ಬ್ಯಾಪ್ಟಿಸ್ಟ್ ಬೋಧಕರಿಗೆ ಶಿಶುದೀಕ್ಷಾಸ್ನಾನದ ವಿಧಿಗೆ ಸಹಿ ಹಾಕುವುದರಿಂದ ವಿನಾಯಿತಿ ಕೊಟ್ಟಿತಾದರೂ, ನೋಂದಣಿಯನ್ನು ಕಡ್ಡಾಯವಾಗಿಯೇ ಉಳಿಸಿತು. ಅದರ ಇನ್ನೊಂದು ಷರತ್ತನ್ನು ಬ್ರಾಡ್‌ಮೀಡ್‌ನ ಪರದೆಯ ಪಕ್ಕದಲ್ಲಿಟ್ಟು ಓದಬೇಕು: ಆರಾಧನೆ ನಡೆಯುವಾಗ ಬಾಗಿಲಿಗೆ ಬೀಗವಾಗಲಿ ಅಗುಳಿಯಾಗಲಿ ಹಾಕಿದ್ದರೆ, ಒಳಗಿದ್ದವರಿಗೆ ಕಾಯಿದೆಯ ರಕ್ಷಣೆ ಸಿಗುತ್ತಿರಲಿಲ್ಲ.