ಸ್ಮರಣಾರ್ಥ ನಾಣ್ಯಗಳಲ್ಲಿ ಕಡಲಯಾನ: ಮಂಗಳೂರಿನ ಆಧಾರಗಳ ಬೆಳಕಿನಲ್ಲಿ ಒಂದು ಪರಿಶೀಲನೆ

ವಾಸ್ಕೋ ಡ ಗಾಮನ ಯಾನಕ್ಕೆ ನಾಲ್ಕು ಶತಮಾನ ತುಂಬಿದಾಗ ಪೋರ್ಚುಗಲ್ 200, 500 ಹಾಗೂ 1000 ರೈಸ್ ಮೌಲ್ಯದ ಬೆಳ್ಳಿ ನಾಣ್ಯಗಳನ್ನು ಟಂಕಿಸಿತು. ಇವನ್ನು 1498ರ ಚರಿತ್ರೆಗೆ ಆಕರವಾಗಿ ಬಳಸಬಹುದೇ ಎಂಬುದು ಈ ಲೇಖನದ ಪ್ರಶ್ನೆ.

ಸುಮಾರು 25 ಗ್ರಾಂ ತೂಗುವ 1000 ರೈಸ್ ನಾಣ್ಯದ ಮುಂಬದಿಯಲ್ಲಿ ದೊರೆ ಒಂದನೆಯ ಕಾರ್ಲೋಸ್ ಮತ್ತು ರಾಣಿ ಅಮೇಲಿಯಾರ ಜೋಡಿ ಮುಖಗಳಿವೆ. ಹಿಂಬದಿಯಲ್ಲಿ ಕ್ರಿಸ್ತ ಪಂಥದ ಶಿಲುಬೆ, ಈ ಚಿಹ್ನೆಯಿಂದಲೇ ಗೆಲುವು ಎಂಬರ್ಥದ ಲ್ಯಾಟಿನ್ ಬರಹ, 1498 ಮತ್ತು 1898 ಎಂಬ ಇಸವಿಗಳು. ಹಡಗಾಗಲಿ ಭಾರತದ ಬಂದರಾಗಲಿ ಇಲ್ಲಿಲ್ಲ. 1890ರಲ್ಲಿ ಬ್ರಿಟನ್ ಒಡ್ಡಿದ ಅಂತಿಮ ಎಚ್ಚರಿಕೆಗೆ ಮಣಿದು ಆಫ್ರಿಕಾದ ಹಕ್ಕುಗಳನ್ನು ಬಿಟ್ಟುಕೊಟ್ಟಿದ್ದ, 1892ರಲ್ಲಿ ದಿವಾಳಿಯಾಗಿದ್ದ ರಾಜ್ಯವೊಂದು ತನ್ನ ಹಳೆಯ ಪ್ರತಾಪವನ್ನು ನೆನೆದುಕೊಂಡ ಬಗೆ ಇದು.

ತುಳುನಾಡಿನ ನಾಣ್ಯಗಳನ್ನು ಓದುವಾಗಲೂ ಇದೇ ಎಚ್ಚರ ಬೇಕು. ಮಂಗಳೂರು, ಉದ್ಯಾವರ, ಬಾರಕೂರುಗಳಿಂದ ಆಳಿದ ಆಳುಪರ ಚಿನ್ನದ ನಾಣ್ಯಗಳಲ್ಲಿ ಜೋಡಿಮೀನು ಕಾಣುತ್ತದೆ. ಜೊತೆಗೆ ಪಾಂಡ್ಯ ಧನಂಜಯ ಎಂಬ ಬಿರುದು. ಕಡಲ ಒಡೆತನದ ಗುರುತೆಂದು ಇದನ್ನು ಕೂಡಲೇ ಓದಿಬಿಡುವುದು ಸುಲಭ. ಆದರೆ ಬೆಳ್ಮಣ್ಣು ತಾಮ್ರಶಾಸನದ ಮುದ್ರೆಯಲ್ಲೂ ಜೋಡಿಮೀನೇ ಇರುವುದರಿಂದ ಅದು ಮೊದಲಿಗೆ ರಾಜಲಾಂಛನ. ಕಡಲ ವ್ಯಾಪಾರಕ್ಕೆ ಅದೊಂದೇ ಸಾಕ್ಷಿಯಾಗದು.

ಆ ಸಾಕ್ಷಿ ಸಿಗುವುದು ಬೇರೆಡೆ. 1132ರಿಂದ 1149ರವರೆಗೆ ಈ ಕರಾವಳಿಯಲ್ಲಿ ನೆಲೆಸಿದ್ದ, ಮಂಗಳೂರಿನ ನಂಟಿದ್ದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜುವಿನ ಕಾಗದಪತ್ರಗಳು ಕೈರೋದ ಗೆನಿಜಾ ಸಂಗ್ರಹದಲ್ಲಿ ಉಳಿದಿವೆ. ಏಡನ್‌ನ ವರ್ತಕರೊಡನೆ ಮೆಣಸು, ಅಡಿಕೆ, ಕಂಚಿನ ಸಾಮಾನುಗಳ ಲೆಕ್ಕಾಚಾರ ನಡೆಸಿದ ಈ ಪತ್ರಗಳು ಗಾಮನಿಗಿಂತ ಮೂರೂವರೆ ಶತಮಾನ ಹಿಂದಿನವು. 1568ರಲ್ಲಿ ಪೋರ್ಚುಗೀಸರು ಮಂಗಳೂರಿನಲ್ಲಿ ಸಂತ ಸೆಬಾಸ್ಟಿಯನ್ ಕೋಟೆ ಕಟ್ಟಿದ್ದು ಹೊಸ ದಾರಿ ತೆರೆಯಲಲ್ಲ. ಇದ್ದ ವ್ಯಾಪಾರವನ್ನು, ಅದರಲ್ಲೂ ಗೋವೆಯ ಹೊಟ್ಟೆ ತುಂಬಿಸುತ್ತಿದ್ದ ಈ ಸೀಮೆಯ ಅಕ್ಕಿಯನ್ನು, ಹತೋಟಿಗೆ ತರಲು.

ಹಾಗಾಗಿ ಸ್ಮರಣಾರ್ಥ ನಾಣ್ಯ ತಾನು ನೆನೆಯುವ ವರ್ಷಕ್ಕಿಂತ ತಾನು ಹೊರಬಂದ ವರ್ಷಕ್ಕೇ ಗಟ್ಟಿ ಆಕರ. ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ರಾಣಿ ಅಬ್ಬಕ್ಕನ ನೆನಪಿಗೆ 2003ರಲ್ಲಿ ಅಂಚೆ ಇಲಾಖೆಯ ವಿಶೇಷ ಲಕೋಟೆ ಬಂತು. 2012ರಲ್ಲಿ ಕರಾವಳಿ ಕಾವಲು ಪಡೆಯ ಹಡಗು ಅವಳ ಹೆಸರು ಹೊತ್ತಿತು. ಗಾಮನ ನಾಣ್ಯಕ್ಕೆ ಹಚ್ಚಿದ ಒರೆಗಲ್ಲನ್ನು ಇವಕ್ಕೂ ಹಚ್ಚಬೇಕು: ಇವು ಹದಿನಾರನೆಯ ಶತಮಾನದ ಉಳ್ಳಾಲಕ್ಕಿಂತ ಇಂದಿನ ಭಾರತವನ್ನೇ ಹೆಚ್ಚು ಪರಿಚಯಿಸುತ್ತವೆ.