ರೈಫಲ್ ತೋಟಾಗಳ ಮರುಭರ್ತಿಯಲ್ಲಿ ಕತ್ತಿನ ಅಳತೆ ಮತ್ತು ಪೂರ್ಣ ಅಳತೆ: ಮಧುಗಿರಿ ಉಪವಿಭಾಗದ ಕೋವಿ ಪರವಾನಗಿದಾರರಿಗೆ ಮಾಹಿತಿ

1. ಪೀಠಿಕೆ

ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗವು ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳನ್ನು ಒಳಗೊಂಡಿದೆ. ಕಲ್ಲುಬೆಟ್ಟಗಳು ಹಾಗೂ ಕುರುಚಲು ಕಾಡುಗಳ ಅಂಚಿನಲ್ಲಿ ನೆಲಗಡಲೆ, ರಾಗಿ ಮತ್ತು ಮುಸುಕಿನ ಜೋಳದ ಹೊಲಗಳಿರುವ ಈ ಪ್ರದೇಶದಲ್ಲಿ ಕಾಡುಹಂದಿಗಳಿಂದ ಬೆಳೆಹಾನಿ ಉಂಟಾಗುತ್ತಿರುತ್ತದೆ. ಕೆಲವು ರೈತರು ಬೆಳೆ ರಕ್ಷಣೆಗಾಗಿ ಕೋವಿಯ ಪರವಾನಗಿ ಹೊಂದಿರುತ್ತಾರೆ.

ತೋಟಾಗಳ ಬೆಲೆ ಹೆಚ್ಚು. ಅವು ಬೇಕೆಂದಾಗ ದೊರೆಯುವುದೂ ಕಷ್ಟ. ಈ ಕಾರಣದಿಂದ, ಒಮ್ಮೆ ಹಾರಿಸಿದ ತೋಟಾದ ಖಾಲಿ ಕೇಸನ್ನು ಪುನಃ ತುಂಬಿ ಬಳಸಬಹುದೇ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಹೊರದೇಶಗಳ ಗುರಿಕಾರರು ಅನುಸರಿಸುವ ‘ಕತ್ತಿನ ಅಳತೆ’ ಮತ್ತು ‘ಪೂರ್ಣ ಅಳತೆ’ ಎಂಬ ಎರಡು ವಿಧಾನಗಳ ತತ್ವವನ್ನೂ, ಅವು ಈ ನಾಲ್ಕು ತಾಲ್ಲೂಕುಗಳ ಪರವಾನಗಿದಾರರಿಗೆ ಎಷ್ಟರಮಟ್ಟಿಗೆ ಅನ್ವಯಿಸುತ್ತವೆ ಎಂಬುದನ್ನೂ ಈ ಪುಟದಲ್ಲಿ ವಿವರಿಸಲಾಗಿದೆ.

2. ತೋಟಾದ ರಚನೆ

ರೈಫಲ್ ತೋಟಾದಲ್ಲಿ ನಾಲ್ಕು ಭಾಗಗಳಿವೆ: ಹಿತ್ತಾಳೆಯ ಕೇಸು, ಅದರ ಬುಡದಲ್ಲಿ ಕೂರುವ ಪ್ರೈಮರ್, ಒಳಗಿನ ಮದ್ದು ಹಾಗೂ ಬಾಯಿಯಲ್ಲಿ ಕೂರುವ ಗುಂಡು. ಬಹುತೇಕ ರೈಫಲ್ ತೋಟಾಗಳ ಕೇಸು ಸೀಸೆಯ ಆಕಾರದಲ್ಲಿರುತ್ತದೆ. ಅಗಲವಾದ ಭಾಗವನ್ನು ಒಡಲು, ಕಿರಿದಾಗುವ ಇಳಿಜಾರನ್ನು ಹೆಗಲು, ಗುಂಡನ್ನು ಹಿಡಿದಿಡುವ ಕಿರಿದಾದ ಭಾಗವನ್ನು ಕತ್ತು ಎಂದು ಗುರುತಿಸಬಹುದು.

ಕುದುರೆ ಎಳೆದಾಗ ಪ್ರೈಮರ್ ಕಿಡಿಗೊಂಡು ಮದ್ದು ಉರಿಯುತ್ತದೆ. ಉಂಟಾದ ಅನಿಲದ ಒತ್ತಡಕ್ಕೆ ಹಿತ್ತಾಳೆಯು ಉಬ್ಬಿ, ಕೋವಿಯ ಚೇಂಬರಿನ ಗೋಡೆಗೆ ಒತ್ತಿಕೊಳ್ಳುತ್ತದೆ. ಅನಿಲವು ಹಿಂದಕ್ಕೆ, ಅಂದರೆ ಹಾರಿಸುವವನ ಮುಖದ ಕಡೆಗೆ ಬಾರದಂತೆ ತಡೆಯುವುದು ಈ ಉಬ್ಬುವಿಕೆಯೇ. ಒತ್ತಡ ಇಳಿದ ಮೇಲೆ ಹಿತ್ತಾಳೆ ಸ್ವಲ್ಪ ಕುಗ್ಗುತ್ತದೆಯಾದರೂ ಮೊದಲಿನ ಅಳತೆಗೆ ಮರಳುವುದಿಲ್ಲ. ಆದುದರಿಂದ ಖಾಲಿ ಕೇಸು ತಾನು ಹಾರಿದ ಕೋವಿಯ ಚೇಂಬರಿನ ಅಚ್ಚನ್ನು ಪಡೆದಿರುತ್ತದೆ. ಹಿಗ್ಗಿದ ಕತ್ತು ಹೊಸ ಗುಂಡನ್ನು ಬಿಗಿಯಾಗಿ ಹಿಡಿಯಲಾರದು. ಹೀಗಾಗಿ ಮರುಭರ್ತಿಗೆ ಮೊದಲು ಕೇಸನ್ನು ಡೈ ಎಂಬ ಉಕ್ಕಿನ ಅಚ್ಚಿನಲ್ಲಿ ಒತ್ತಿ ಅಳತೆಗೆ ತರಬೇಕಾಗುತ್ತದೆ.

3. ಕತ್ತಿನ ಅಳತೆಯ ವಿಧಾನ

ಈ ವಿಧಾನದಲ್ಲಿ ಕತ್ತನ್ನು ಮಾತ್ರ ಒತ್ತಿ ಕಿರಿದುಗೊಳಿಸಲಾಗುತ್ತದೆ. ಒಡಲು ಮತ್ತು ಹೆಗಲು ಚೇಂಬರಿನ ಅಚ್ಚಿನಂತೆಯೇ ಉಳಿಯುತ್ತವೆ.

ಅನುಕೂಲಗಳು:
– ಹಿತ್ತಾಳೆಯ ಒಡಲು ಪದೇ ಪದೇ ಹಿಗ್ಗಿ ಕುಗ್ಗುವುದು ಕಡಿಮೆಯಾಗಿ, ಕೇಸು ಹೆಚ್ಚು ಸಲ ಬಾಳುತ್ತದೆ.
– ಕೇಸು ಆ ಒಂದು ಚೇಂಬರಿಗೆ ಸರಿಯಾಗಿ ಹೊಂದುತ್ತದೆ.

ಮಿತಿಗಳು:
– ಆ ಕೇಸನ್ನು ಹಾರಿಸಿದ ರೈಫಲಿನಲ್ಲಿಯೇ ಪುನಃ ಬಳಸಬೇಕು. ಅದೇ ಅಳತೆಯ ಮತ್ತೊಂದು ರೈಫಲಿನಲ್ಲಿ ತೋಟಾ ಕೂರದೇ ಹೋಗಬಹುದು.
– ಕೆಲವು ಸಲ ಹಾರಿಸಿದ ಮೇಲೆ ಒಡಲು ಮತ್ತು ಹೆಗಲು ಚೇಂಬರಿನಷ್ಟೇ ದಪ್ಪಗಾಗಿ ಬೋಲ್ಟ್ ಬಿಗಿಯಾಗುತ್ತದೆ. ಆಗ ಪೂರ್ಣ ಅಳತೆಗೆ ಮರಳಲೇಬೇಕು.
– ಧೂಳು, ಕೆಸರು ಅಥವಾ ತೇವವಿರುವ ಸ್ಥಳದಲ್ಲಿ ಇಂತಹ ತೋಟಾ ಚೇಂಬರಿನಲ್ಲಿ ಸಿಕ್ಕಿಕೊಳ್ಳುವ ಸಂಭವವಿದೆ.

4. ಪೂರ್ಣ ಅಳತೆಯ ವಿಧಾನ

ಈ ವಿಧಾನದಲ್ಲಿ ಕತ್ತು, ಹೆಗಲು ಮತ್ತು ಒಡಲು ಮೂರನ್ನೂ ಒತ್ತಿ, ಕೇಸನ್ನು ಕಾರ್ಖಾನೆಯ ಅಳತೆಯ ಸಮೀಪಕ್ಕೆ ತರಲಾಗುತ್ತದೆ. ಒತ್ತುವ ಮೊದಲು ಕೇಸಿಗೆ ಜಿಡ್ಡು ಸವರುವುದು ಅವಶ್ಯ; ಇಲ್ಲದಿದ್ದಲ್ಲಿ ಕೇಸು ಡೈನಲ್ಲಿ ಸಿಕ್ಕಿಕೊಳ್ಳುತ್ತದೆ.

ಅನುಕೂಲಗಳು:
– ಸರಿಯಾದ ಚೇಂಬರುಳ್ಳ ಆ ಅಳತೆಯ ಯಾವುದೇ ರೈಫಲಿಗೆ ತೋಟಾ ಹೊಂದುತ್ತದೆ.
– ಬೋಲ್ಟ್ ಸರಾಗವಾಗಿ ಮುಚ್ಚುತ್ತದೆ.

ಮಿತಿಗಳು:
– ಪ್ರತಿ ಸಲವೂ ಹಿತ್ತಾಳೆ ಹಿಗ್ಗಿ ಕುಗ್ಗುವುದರಿಂದ ಬೇಗ ಗಡುಸಾಗಿ ಕತ್ತಿನಲ್ಲಿ ಸೀಳು ಬಿಡುತ್ತದೆ.
– ಹೆಗಲನ್ನು ಅಗತ್ಯಕ್ಕಿಂತ ಹೆಚ್ಚು ಹಿಂದಕ್ಕೆ ತಳ್ಳಿದರೆ ಕೇಸಿಗೂ ಚೇಂಬರಿಗೂ ನಡುವೆ ಸಡಿಲ ಉಂಟಾಗುತ್ತದೆ. ಹಾರಿಸಿದಾಗ ಕೇಸು ಉದ್ದಕ್ಕೆ ಎಳೆಯಲ್ಪಟ್ಟು, ಬುಡದ ಸ್ವಲ್ಪ ಮೇಲೆ ಗೋಡೆ ತೆಳುವಾಗುತ್ತದೆ. ಇದು ಮುಂದುವರಿದರೆ ಬುಡವೇ ಬೇರ್ಪಟ್ಟು, ಬಿಸಿ ಅನಿಲವು ಹಿಂದಕ್ಕೆ ನುಗ್ಗುತ್ತದೆ. ಕಣ್ಣು ಮತ್ತು ಕೈಗೆ ಗಂಭೀರ ಗಾಯವಾಗುವುದು ಈ ಹಂತದಲ್ಲಿ.

ಈ ಎರಡು ವಿಧಾನಗಳ ನಡುವಿನ ಮಾರ್ಗವನ್ನು ಇಂದು ಅನೇಕ ಗುರಿಕಾರರು ಅನುಸರಿಸುತ್ತಾರೆ. ಇಡೀ ಕೇಸನ್ನು ಒತ್ತಿದರೂ, ಹೆಗಲನ್ನು ಬೋಲ್ಟ್ ಸರಾಗವಾಗಿ ಮುಚ್ಚುವಷ್ಟು, ಅಂದರೆ ಸುಮಾರು 0.025ರಿಂದ 0.05 ಮಿಲಿಮೀಟರ್ ಮಾತ್ರ, ಹಿಂದಕ್ಕೆ ತಳ್ಳಲಾಗುತ್ತದೆ. ಈ ಅಳತೆ ಕಣ್ಣಂದಾಜಿಗೆ ಸಿಗುವಂಥದ್ದಲ್ಲ. ಮಾಪಕವಿಲ್ಲದೆ ಇದನ್ನು ಸಾಧಿಸಲಾಗದು.

5. ಅಂಚುಳ್ಳ ತೋಟಾ: .315 ರೈಫಲ್

ಭಾರತದಲ್ಲಿ ಖಾಸಗಿ ಪರವಾನಗಿಗೆ ಪರಿಚಿತವಾದ .315 ರೈಫಲ್ ಇಶಾಪುರದ ಸರ್ಕಾರಿ ಕಾರ್ಖಾನೆಯ ತಯಾರಿಕೆ. ಸೇನಾ ಬಳಕೆಯ .303 ಬೋರ್ ನಿಷೇಧಿತ ವರ್ಗಕ್ಕೆ ಸೇರಿರುವುದರಿಂದ, ನಾಗರಿಕ ಬಳಕೆಗೆ ಈ ಅಳತೆ ರೂಢಿಗೆ ಬಂದಿದೆ. ಇದರ ತೋಟಾದ ಬುಡದಲ್ಲಿ ಹೊರಚಾಚಿದ ಅಂಚು ಇದೆ. ಚೇಂಬರಿನಲ್ಲಿ ತೋಟಾ ಎಷ್ಟು ಒಳಗೆ ಕೂರಬೇಕೆಂಬುದನ್ನು ಈ ಅಂಚು ನಿರ್ಧರಿಸುತ್ತದೆ. ಅಂಚಿಲ್ಲದ .30-06 ಮುಂತಾದ ತೋಟಾಗಳಲ್ಲಿ ಆ ಕೆಲಸವನ್ನು ಹೆಗಲು ಮಾಡುತ್ತದೆ.

ಅಂಚುಳ್ಳ ತೋಟಾದಲ್ಲಿ ಹೆಗಲ ಮುಂದೆ ಸಡಿಲವಿದ್ದರೂ ತೋಟಾ ಕೂರುತ್ತದೆ, ಬೋಲ್ಟ್ ಮುಚ್ಚುತ್ತದೆ, ಗುಂಡು ಹಾರುತ್ತದೆ. ದೋಷವು ಹೊರಗೆ ಕಾಣಿಸುವುದಿಲ್ಲ. ಪ್ರತಿ ಸಲ ಪೂರ್ಣ ಅಳತೆಗೆ ಒತ್ತಿದ ಕೇಸು ಪ್ರತಿ ಸಲವೂ ಬುಡದ ಬಳಿ ಎಳೆಯಲ್ಪಡುತ್ತದೆ. ಅಂಚುಳ್ಳ ತೋಟಾಗಳಿಗೆ ಕತ್ತಿನ ಅಳತೆಯೇ ಲೇಸೆಂದು ಅನೇಕರು ಹೇಳುವುದು ಇದೇ ಕಾರಣಕ್ಕೆ. ಬುಡದ ಮೇಲ್ಭಾಗದಲ್ಲಿ ಹೊಳೆಯುವ ಉಂಗುರದಂತಹ ಗೆರೆ ಕಂಡುಬಂದರೆ, ಆ ಕೇಸು ಯಾವ ಬಳಕೆಗೂ ಯೋಗ್ಯವಲ್ಲ.

6. ಬೆಳೆ ರಕ್ಷಣಾ ಕೋವಿಗಳಿಗೆ ಈ ಪ್ರಶ್ನೆಯ ಅನ್ವಯ

ಆಯುಧ ಕಾಯ್ದೆ, 1959ರ ಕಲಂ 13ರನ್ವಯ ಬೆಳೆ ರಕ್ಷಣೆಗೆ ಮುಖ್ಯವಾಗಿ ನಿಗದಿಯಾಗಿರುವುದು ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿ, ಅಂದರೆ ಕೇಪಿನ ಕೋವಿ. ಅದು ಸಾಲದೆಂದು ಪರವಾನಗಿ ಪ್ರಾಧಿಕಾರಕ್ಕೆ ಮನವರಿಕೆಯಾದಲ್ಲಿ ನುಣುಪು ನಳಿಗೆಯ ಬೇರೆ ಕೋವಿಗೆ, ಅಂದರೆ ತೋಟೆ ಕೋವಿಗೆ, ಪರವಾನಗಿ ನೀಡಬಹುದು. ರೈಫಲ್ ಈ ವರ್ಗಕ್ಕೆ ಸೇರುವುದಿಲ್ಲ. ಅದಕ್ಕೆ ಪ್ರತ್ಯೇಕವಾಗಿ ಸಕಾರಣವನ್ನು ತೋರಿಸಬೇಕು.

ಆದುದರಿಂದ:

(ಅ) ಕೇಪಿನ ಕೋವಿಗೆ ಕೇಸು ಎಂಬುದೇ ಇಲ್ಲ. ಕತ್ತಿನ ಅಳತೆ, ಪೂರ್ಣ ಅಳತೆ ಎರಡೂ ಇಲ್ಲಿ ಅಪ್ರಸ್ತುತ. ಆದರೆ ಮದ್ದಿನ ವಿಷಯ ಪ್ರಸ್ತುತ. ಈ ಕೋವಿಗಳು ಕರಿಮದ್ದಿಗೆ ತಯಾರಾದವು. ತೋಟಾವನ್ನು ಬಿಚ್ಚಿ ಅದರೊಳಗಿನ ಹೊಗೆರಹಿತ ಮದ್ದನ್ನು ಇದರಲ್ಲಿ ತುಂಬಿದರೆ ಒತ್ತಡ ತಾಳದೆ ನಳಿಗೆ ಸಿಡಿಯುತ್ತದೆ.

(ಆ) 12 ಬೋರ್ ತೋಟೆ ಕೋವಿಯ ಕೇಸು ನೇರವಾದ ಕೊಳವೆ. ಅದಕ್ಕೆ ಹೆಗಲಾಗಲೀ ಕತ್ತಾಗಲೀ ಇಲ್ಲ. ಇಲ್ಲಿ ಗಮನಿಸಬೇಕಾದುದು ಉದ್ದ. 65 ಮಿಲಿಮೀಟರ್ ಚೇಂಬರಿನ ಕೋವಿಯಲ್ಲಿ 70 ಮಿಲಿಮೀಟರ್ ತೋಟಾ ಕೂರಬಹುದಾದರೂ, ಹಾರಿಸಿದಾಗ ಅದರ ಬಾಯಿ ಪೂರ್ತಿ ತೆರೆದುಕೊಳ್ಳಲು ಸ್ಥಳವಿಲ್ಲದೆ ಒತ್ತಡ ಏರುತ್ತದೆ. ಚೇಂಬರಿನ ಅಳತೆಯನ್ನು ಸಾಮಾನ್ಯವಾಗಿ ನಳಿಗೆಯ ಮೇಲೆ ಮುದ್ರಿಸಿರುತ್ತಾರೆ.

(ಇ) 20 ಬೋರ್ ತೋಟಾ 12 ಬೋರ್ ನಳಿಗೆಯೊಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ. ಅದನ್ನು ಗಮನಿಸದೆ ಹಿಂದೆ 12 ಬೋರ್ ತೋಟಾ ಹಾಕಿ ಹಾರಿಸಿದರೆ ನಳಿಗೆ ಸಿಡಿಯುತ್ತದೆ. ಎರಡನ್ನೂ ಒಂದೇ ಚೀಲದಲ್ಲಿ ಇಡಬಾರದು.

(ಈ) ಶೂಟಿಂಗ್ ಕ್ಲಬ್‌ಗಳಲ್ಲಿ ಬಳಕೆಯಲ್ಲಿರುವ .22 ತೋಟಾದಲ್ಲಿ ಸಿಡಿಯುವ ರಾಸಾಯನಿಕವು ಬುಡದ ಅಂಚಿನೊಳಗೇ ಇರುತ್ತದೆ. ಸೂಜಿ ತಾಗಿದ ಅಂಚು ನಜ್ಜುಗುಜ್ಜಾಗುವುದರಿಂದ ಇದನ್ನು ಮರುಭರ್ತಿ ಮಾಡುವ ರೂಢಿಯಿಲ್ಲ.

ಒಟ್ಟಿನಲ್ಲಿ, ಅಳತೆಯ ಈ ಚರ್ಚೆ ಒಂದೇ ರೈಫಲನ್ನು ಗುರಿಮೈದಾನದಲ್ಲಿ ಬಳಸುವ, ಮಾಪಕಗಳನ್ನು ಹೊಂದಿರುವ ಗುರಿಕಾರನಿಗೆ ಸಂಬಂಧಿಸಿದ್ದು. ರಾತ್ರಿಯ ವೇಳೆ ಹೊಲ ಕಾಯುವ ರೈತನಿಗೆ ಅದರಿಂದ ದೊರೆಯುವ ಲಾಭವಿಲ್ಲ. ಬೇರೊಬ್ಬರು ತುಂಬಿಕೊಟ್ಟ ತೋಟಾ ಯಾವ ಚೇಂಬರಿನ ಅಚ್ಚಿನದು, ಎಷ್ಟು ಸಲ ಹಾರಿದ್ದು, ಅದರೊಳಗೆ ಎಷ್ಟು ಮದ್ದಿದೆ ಎಂಬುದನ್ನು ಹೊರಗಿನಿಂದ ತಿಳಿಯಲು ಸಾಧ್ಯವಿಲ್ಲ.

7. ಕಾನೂನಿನ ಉಪಬಂಧಗಳು

– ಆಯುಧ ಕಾಯ್ದೆಯ ಕಲಂ 2ರಲ್ಲಿ ನೀಡಿರುವ ಮದ್ದುಗುಂಡಿನ ವ್ಯಾಖ್ಯೆಯು ಮದ್ದುಗುಂಡಿನ ಬಿಡಿಭಾಗಗಳನ್ನೂ ಅದನ್ನು ತಯಾರಿಸುವ ಯಂತ್ರಗಳನ್ನೂ ಒಳಗೊಳ್ಳುತ್ತದೆ.
– ಕಲಂ 5ರನ್ವಯ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ, ಮಾರುವಂತಿಲ್ಲ. 2019ರ ತಿದ್ದುಪಡಿಯ ನಂತರ ಇದರ ಉಲ್ಲಂಘನೆಗೆ ಕಲಂ 25ರಡಿ ಕನಿಷ್ಠ 7 ವರ್ಷಗಳಿಂದ ಜೀವಾವಧಿಯವರೆಗೆ ಸೆರೆವಾಸ ಹಾಗೂ ಜುಲ್ಮಾನೆ ವಿಧಿಸಬಹುದಾಗಿದೆ.
– ಕೋವಿ ಹೊಂದುವ ಪರವಾನಗಿಯನ್ನೇ ತೋಟಾ ತುಂಬುವ ಅನುಮತಿಯೆಂದು ಭಾವಿಸಬಾರದು. ಜಿಲ್ಲಾ ದಂಡಾಧಿಕಾರಿಗಳ ಲಿಖಿತ ಅನುಮತಿಯಿಲ್ಲದೆ ಮರುಭರ್ತಿಗೆ ಕೈಹಾಕಬಾರದು. ನೆರೆಯವರಿಗಾಗಿ ತುಂಬಿಕೊಡಲೂ ಬಾರದು.
– ಅದೇ ತಿದ್ದುಪಡಿಯಿಂದ, ಒಬ್ಬ ವ್ಯಕ್ತಿ ಹೊಂದಬಹುದಾದ ಬಂದೂಕುಗಳ ಸಂಖ್ಯೆಯನ್ನು 3ರಿಂದ 2ಕ್ಕೆ ಇಳಿಸಲಾಗಿದೆ. ಪರವಾನಗಿಯ ಅವಧಿಯನ್ನು 3 ವರ್ಷಗಳಿಂದ 5 ವರ್ಷಗಳಿಗೆ ಹೆಚ್ಚಿಸಲಾಗಿದೆ.
– ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಕೇಂದ್ರ ಸರ್ಕಾರವು ನೀಡಿರುವ, 2019ರಲ್ಲಿ 2029ರವರೆಗೆ ವಿಸ್ತರಿಸಲಾದ ವಿನಾಯಿತಿಯನ್ನು ಈ ನಾಲ್ಕು ತಾಲ್ಲೂಕುಗಳ ಸಾಮಾನ್ಯ ರೈತರು ಕೋರಲು ಬರುವುದಿಲ್ಲ.

8. ವನ್ಯಜೀವಿ ಕಾಯ್ದೆ ಮತ್ತು ಈ ತಾಲ್ಲೂಕುಗಳು

ಕೋವಿಯ ಪರವಾನಗಿ ಇದ್ದ ಮಾತ್ರಕ್ಕೆ ಪ್ರಾಣಿಯನ್ನು ಕೊಲ್ಲುವ ಹಕ್ಕು ದೊರೆಯುವುದಿಲ್ಲ. ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ಕ್ಕೆ 2022ರಲ್ಲಿ ತಂದ ತಿದ್ದುಪಡಿಯು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ಕಾಡುಹಂದಿಯು ಅನುಸೂಚಿ 2ರಲ್ಲಿದೆ. ಬೆಳೆಗೆ ಅಪಾಯಕಾರಿಯಾದ ಅನುಸೂಚಿ 2ರ ಪ್ರಾಣಿಯನ್ನು ಬೇಟೆಯಾಡಲು ಕಲಂ 11ರಡಿ ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅಧಿಕಾರ ಪಡೆದ ಅಧಿಕಾರಿಯ ಲಿಖಿತ ಆದೇಶ ಬೇಕು.

ಕರಡಿ, ಕೃಷ್ಣಮೃಗ, ಚಿಂಕಾರ ಮತ್ತು ನವಿಲು ಅನುಸೂಚಿ 1ರಲ್ಲಿವೆ. ಇವುಗಳಿಗೆ ಸಂಬಂಧಿಸಿದಂತೆ ಬೆಳೆಹಾನಿಯು ಬೇಟೆಯ ಅನುಮತಿಗೆ ಕಾರಣವಾಗುವುದಿಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ 2007ರಲ್ಲಿ ಘೋಷಿತವಾದ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವಿದೆ. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಅರಣ್ಯವನ್ನು 2019ರಲ್ಲಿ ಚಿಂಕಾರ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಇದಲ್ಲದೆ ತಿಮ್ಲಾಪುರದಲ್ಲಿ ಕರಡಿಗಳ ನೆಲೆಯಾದ ವನ್ಯಜೀವಿಧಾಮವಿದೆ.

ವನ್ಯಜೀವಿಧಾಮದೊಳಗೆ ಅಥವಾ ಅದರಿಂದ 10 ಕಿಲೋಮೀಟರ್ ಒಳಗೆ ವಾಸಿಸುವ ಪರವಾನಗಿದಾರರು ಕಲಂ 34ರನ್ವಯ ತಮ್ಮ ಹೆಸರು ಮತ್ತು ಆಯುಧವನ್ನು ಅರಣ್ಯ ಇಲಾಖೆಯಲ್ಲಿ ನೋಂದಾಯಿಸಿಕೊಳ್ಳಬೇಕು. ಈ ವ್ಯಾಪ್ತಿಯಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವ ಸಮ್ಮತಿಯಿಲ್ಲದೆ ಹೊಸ ಪರವಾನಗಿ ನೀಡುವಂತಿಲ್ಲ.

9. ಪರವಾನಗಿದಾರರು ಪಾಲಿಸಬೇಕಾದ ಸೂಚನೆಗಳು

1) ತೋಟಾಗಳನ್ನು ಪರವಾನಗಿ ಪಡೆದ ವ್ಯಾಪಾರಿಗಳಿಂದ ಮಾತ್ರ ಕೊಳ್ಳಬೇಕು, ಖರೀದಿಯನ್ನು ಪರವಾನಗಿ ಪುಸ್ತಕದಲ್ಲಿ ನಮೂದಿಸಿಕೊಳ್ಳಬೇಕು.
2) ಖಾಲಿ ಕೇಸುಗಳನ್ನು ಹೊಲದಲ್ಲಿ ಬಿಡದೆ, ಗುಜರಿಗೆ ಮಾರದೆ, ಎಣಿಸಿ ಸುರಕ್ಷಿತವಾಗಿ ಇಡಬೇಕು. ತಪಾಸಣೆಯ ವೇಳೆ ಬಳಕೆಯ ಲೆಕ್ಕಕ್ಕೆ ಅವು ಆಧಾರವಾಗುತ್ತವೆ.
3) ಕೇಸು ಸೀಳಿದ್ದರೆ, ಹಸಿರು ಕಿಲುಬು ಹಿಡಿದಿದ್ದರೆ ಅಥವಾ ತೋಟಾ ಒದ್ದೆಯಾಗಿ ಊದಿಕೊಂಡಿದ್ದರೆ ಬಳಸಬಾರದು.
4) ಕುದುರೆ ಎಳೆದರೂ ಈಡು ಹಾರದಿದ್ದಲ್ಲಿ ಕೋವಿಯ ಬಾಯಿಯನ್ನು ಅಪಾಯವಿಲ್ಲದ ದಿಕ್ಕಿನಲ್ಲಿಯೇ ಹಿಡಿದು ಕನಿಷ್ಠ ಒಂದು ನಿಮಿಷ ಕಾಯಬೇಕು. ಮದ್ದು ತಡವಾಗಿ ಹೊತ್ತಿಕೊಳ್ಳುವ ಸಂಭವವಿರುತ್ತದೆ.
5) ಶಬ್ದ ಕ್ಷೀಣವಾಗಿ ಕೇಳಿಬಂದರೆ ಗುಂಡು ನಳಿಗೆಯಲ್ಲಿಯೇ ಉಳಿದಿರಬಹುದು. ನಳಿಗೆಯನ್ನು ಪರೀಕ್ಷಿಸದೆ ಎರಡನೆಯ ಈಡು ಹಾರಿಸಬಾರದು.
6) ತೋಟಾ ಬಿಗಿಯಾಗಿ ಕೂತರೆ ಬಲವಂತದಿಂದ ಒತ್ತಬಾರದು, ಪರವಾನಗಿ ಪಡೆದ ಕೋವಿ ದುರಸ್ತಿದಾರರಿಗೆ ತೋರಿಸಬೇಕು.
7) ಬೆಳೆಹಾನಿಯಾದಲ್ಲಿ ಹಾನಿಯ ಗುರುತುಗಳು ಅಳಿಯುವ ಮೊದಲೇ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ತಿಳಿಸಿ ಪರಿಹಾರಕ್ಕೆ ಅರ್ಜಿ ಸಲ್ಲಿಸಬೇಕು.

ಒಂದು ತೋಟಾದ ಉಳಿತಾಯವು ಒಂದು ಕಣ್ಣಿನ ಅಥವಾ ಒಂದು ಕೈಯ ಬೆಲೆಗೆ ಸಮನಲ್ಲ ಎಂಬುದನ್ನು ಪರವಾನಗಿದಾರರು ಗಮನದಲ್ಲಿಡುವುದು. ಪರವಾನಗಿಗೆ ಸಂಬಂಧಿಸಿದ ವಿವರಗಳಿಗೆ ಜಿಲ್ಲಾಧಿಕಾರಿಗಳ ಕಚೇರಿ ಅಥವಾ ಸ್ಥಳೀಯ ಪೊಲೀಸ್ ಠಾಣೆಯನ್ನು, ವನ್ಯಪ್ರಾಣಿಗಳಿಗೆ ಸಂಬಂಧಿಸಿದ ವಿವರಗಳಿಗೆ ಆಯಾ ತಾಲ್ಲೂಕಿನ ವಲಯ ಅರಣ್ಯಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬಹುದು.